ಟೇಪು ಹಿಡಿಯುವ ಕೇರಳ, ರೇಟು ನೋಡುವ ಕರ್ನಾಟಕ

ಕಾಸರಗೋಡಿನ ಕಡೆ ಮನೆ ಕಟ್ಟಲು ಹೊರಟವರ ಹತ್ತಿರ ಎಂಜಿನಿಯರು ಶುರುವಿನಲ್ಲೇ ಕೇಳಿಬಿಡುವ ಪ್ರಶ್ನೆ ಒಂದಿದೆ. "ಮೂರು ಸಾವಿರದೊಳಗೆ ನಿಲ್ಲಿಸುವುದಾ, ದಾಟುವುದಾ?" ಮೂರು ಸಾವಿರ ಎಂದರೆ ಚದರಡಿ. ಕಾನೂನಿನ ಲೆಕ್ಕದಲ್ಲಿ 278.7 ಚದರ ಮೀಟರ್. ಆ ಗೆರೆ ದಾಟಿದರೆ ಕೇರಳ ಸರಕಾರದ ಕಣ್ಣಿಗೆ ನಿಮ್ಮದು ದೊಡ್ಡವರ ಮನೆ. ಪ್ರತಿ ವರ್ಷ ಬೇರೆಯೇ ಒಂದು ತೆರಿಗೆ ಬೀಳುತ್ತದೆ. ಅದಕ್ಕೇ ನಮ್ಮ ಕಡೆ 2900, 2950 ಚದರಡಿಯ ಮನೆಗಳು ಇಷ್ಟೊಂದು ಕಾಣುವುದು. ಎಲ್ಲೋ ಒಂದು ಬಾಲ್ಕನಿ ಮೊಟಕಾಗಿರುತ್ತದೆ, ಅಡುಗೆಮನೆಯ ಹಿಂದಿನ ವರ್ಕ್ ಏರಿಯಾ ಕುಗ್ಗಿರುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ತೆರಿಗೆ ಬಿಡಿಸಿದ ಪ್ಲ್ಯಾನು ಅಂತ.

ಅಡ್ಕಸ್ಥಳ ದಾಟಿ, ವಿಟ್ಲ ದಾಟಿ ಪುತ್ತೂರಿಗೆ ಹೋದರೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಲ್ಲಿರುವ ನನ್ನ ಭಾವ ಮನೆ ಕಟ್ಟಿಸುವಾಗ ಚದರಡಿ ಲೆಕ್ಕ ಹಾಕಿದ್ದು ಸಿಮೆಂಟು, ಕಬ್ಬಿಣಕ್ಕೆ ಮಾತ್ರ. ಅವರ ತಲೆಬಿಸಿಯೇ ಬೇರೆ. ಕೃಷಿ ಜಾಗ ವಾಸಕ್ಕೆ ಕನ್ವರ್ಷನ್ ಆಗಿದೆಯಾ, ಖಾತೆ ಸರಿ ಇದೆಯಾ, ಆ ರಸ್ತೆಗೆ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರಕಾರದ ಬೆಲೆ, ಎಷ್ಟು ಹಾಕಿದ್ದಾರೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಪೆರ್ಲಕ್ಕೂ ಪುತ್ತೂರಿಗೂ ಒಂದೇ ಜಮಾಬಂದಿ, ಒಂದೇ ತೀರ್ವೆ, ಅಂದರೆ ಭೂಕಂದಾಯ. ಆಮೇಲೆ ನಾವು ಇತ್ತ, ಅವರು ಅತ್ತ. ನೆಂಟಸ್ತಿಕೆ ಮಾತ್ರ ಗಡಿ ನೋಡಲಿಲ್ಲ. ಹಾಗಾಗಿ ಯಾವ ಮದುವೆ ಊಟಕ್ಕೆ ಕೂತರೂ, ಪಾಯಸ ಬರುವ ಹೊತ್ತಿಗೆ ಅಡಿಕೆ ರೇಟು ಮುಗಿದು ತೆರಿಗೆಯ ಮಾತು ಬಂದೇ ಬರುತ್ತದೆ. ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು.

ಆ ಚರ್ಚೆಗಳಲ್ಲಿ ನಾನು ಸಾಮಾನ್ಯವಾಗಿ ಕೇರಳದ ಪಕ್ಷ. ಇಲ್ಲಿ ಮನೆಯನ್ನು ಅಳೆಯುತ್ತಾರೆ. ಅಲ್ಲಿ ಮನೆಗೆ ಬೆಲೆ ಕಟ್ಟುತ್ತಾರೆ. ಅಳತೆಯಲ್ಲಿ ಸಂಶಯ ಬಂದರೆ ನಾನೇ ಟೇಪು ಹಿಡಿದು ನೋಡಬಹುದು. ಬೆಲೆಯಲ್ಲಿ ಸಂಶಯ ಬಂದರೆ ಏನು ಹಿಡಿದು ನೋಡುವುದು? ಆದರೆ ಅಳೆದಾದ ಮೇಲೆ ಆ ಮನೆಯನ್ನು ಯಾವ ಸಾಲಿಗೆ ಸೇರಿಸುತ್ತಾರೆ ಎನ್ನುವ ವಿಷಯ ಬಂದಾಗ ನನ್ನ ಪಕ್ಷ ಸ್ವಲ್ಪ ಅಲುಗಾಡುತ್ತದೆ. ಈ ಬರಹ ಅದರ ಬಗ್ಗೆ.

ಗಡಿಯಾಚೆ ಇರುವವರಿಗಾಗಿ ನಮ್ಮ ವ್ಯವಸ್ಥೆ ಹೇಗೆ ಎಂದು ಸ್ವಲ್ಪ ಹೇಳಿಬಿಡುತ್ತೇನೆ. ಜಾಗದ ತೀರ್ವೆ ಕಟ್ಟುವುದು ವಿಲೇಜ್ ಆಫೀಸಿನಲ್ಲಿ, ತಂಡಪೇರ್ ನಂಬರಿನ, ಅಂದರೆ ಜಾಗದ ಖಾತೆ ನಂಬರಿನ ಮೇಲೆ. ಮನೆ ತೆರಿಗೆ ಪಂಚಾಯತಿಗೆ, ಆರು ತಿಂಗಳ ಲೆಕ್ಕದಲ್ಲಿ. ಹೊಸ ಮನೆ ಕಟ್ಟಿದರೆ ಇವೆರಡರ ಹೊರತಾಗಿ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಇದೆ. ಅದು 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯದ್ದು. ಗೊತ್ತುಮಾಡುವವರು ತಹಶೀಲ್ದಾರರು. ವಾಸದ ಮನೆ 100 ಚದರ ಮೀಟರ್‌ವರೆಗೆ ಇದ್ದರೆ ಏನೂ ಇಲ್ಲ. ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನಾಲ್ಕು ಕಂತಿನಲ್ಲಿ ಕಟ್ಟಬಹುದು. ಪಂಚಾಯತಿಗೆ ಒಂದು ದರ, ಮುನಿಸಿಪಾಲಿಟಿಗೆ ಇನ್ನೊಂದು, ಕಾರ್ಪೊರೇಷನ್‌ಗೆ ಮತ್ತೊಂದು. ಕೊನೆಯದು ಆ ಮೂರು ಸಾವಿರ ಚದರಡಿಯ ತೆರಿಗೆ. ಊರಿನವರ ಬಾಯಲ್ಲಿ ಲಕ್ಷುರಿ ಟ್ಯಾಕ್ಸ್. 1999ರ ಏಪ್ರಿಲ್ 1ರ ನಂತರ ಪೂರ್ತಿಯಾದ ಮನೆಗಳಿಗೆ ಮಾತ್ರ. 2020ರ ಬಜೆಟ್‌ನಲ್ಲಿ ಇದರ ಕನಿಷ್ಠ ಮೊತ್ತ 5,000 ರೂಪಾಯಿಗೆ ಏರಿತು.

ಪುತ್ತೂರಿನ ಭಾವನಿಗೆ ಇಷ್ಟೆಲ್ಲ ಕೌಂಟರ್ ಸುತ್ತುವ ಕೆಲಸ ಇಲ್ಲ. ಸೈಟು, ಮನೆ ಎರಡೂ ಸೇರಿ ನಗರಸಭೆಗೆ ಒಂದೇ ಆಸ್ತಿ ತೆರಿಗೆ. ಏಪ್ರಿಲ್‌ನಲ್ಲೇ ಕಟ್ಟಿ ನೂರಕ್ಕೆ 5ರ ರಿಯಾಯಿತಿ ಹೊಡೆಯುತ್ತಾರೆ. ಕೆಳಗೆ ಸೆಸ್ಸುಗಳ ಸಣ್ಣ ಬಾಲ ಇರುತ್ತದೆ, ಆರೋಗ್ಯದ್ದು, ಗ್ರಂಥಾಲಯದ್ದು, ಭಿಕ್ಷುಕರದ್ದು. ಗ್ರಂಥಾಲಯದ್ದು ನಮ್ಮಲ್ಲೂ ಇದೆ. ಭಿಕ್ಷುಕರ ಸೆಸ್ ಬಗ್ಗೆ ಭಾವನನ್ನು ತಮಾಷೆ ಮಾಡದೆ ನಾನು ಬಿಟ್ಟದ್ದಿಲ್ಲ.

ಈಗ ಅಳತೆಯ ಕಥೆ. ನೆರೆಮನೆಯವರು ಮೊನ್ನೆ ಮೊನ್ನೆ ಹೊಸ ಮನೆ ಕಟ್ಟಿದರು. ಕೆಂಪು ಕಲ್ಲಿನದ್ದು, ಎರಡು ಮಹಡಿ. ಅಳೆಯುವವರು ಬಂದಾಗ ನಾನೂ ಜೊತೆಗೆ ಹೋಗಿ ನಿಂತೆ. ಟೇಪಿನ ಒಂದು ತುದಿ ಮನೆಯ ಹುಡುಗನ ಕೈಯಲ್ಲಿ. ಹೊರಗೋಡೆಯಿಂದ ಹೊರಗೋಡೆಗೆ ಹಿಡಿದರು. ಸಿಟೌಟ್ ಸೇರಿತು. ಮೆಟ್ಟಿಲಿನ ಜಾಗ ಸೇರಿತು. ಬೈಕು ನಿಲ್ಲಿಸುವ ಶೆಡ್ಡು, ಕಟ್ಟಿಗೆ ಕೊಟ್ಟಿಗೆ ಎರಡನ್ನೂ ಬಿಟ್ಟರು. ಅದು ಉಪಕಾರಕ್ಕೆ ಬಿಟ್ಟದ್ದಲ್ಲ. ಗ್ಯಾರೇಜು, ಕಟ್ಟಿಗೆ ಇಡುವ ಕೊಟ್ಟಿಗೆ, ವಾಸಕ್ಕಲ್ಲದೆ ಬೇರೆ ಕೆಲಸಕ್ಕೆ ಮನೆಯ ಪಕ್ಕ ಕಟ್ಟಿದ ಮಾಡು, ಇವನ್ನೆಲ್ಲ ಮನೆಯ ವಿಸ್ತೀರ್ಣಕ್ಕೆ ಕೂಡಿಸಬಾರದು ಅಂತ ಕಾಯ್ದೆಯಲ್ಲೇ ಇದೆ.

ಆಮೇಲೆ ಮೇಲೆ ಹೋದರು. ಅಲ್ಲಿ ಉದ್ದಕ್ಕೆ ಒಂದೇ ಕೋಣೆ, ಹೊಸ ಸುಣ್ಣದ ವಾಸನೆ. ಮಂಚ ಇಲ್ಲ, ಕಪಾಟು ಇಲ್ಲ. ಗೋಡೆಗೆ ಒತ್ತಿ ಚಾಲಿಯ, ಅಂದರೆ ಒಣಗಿಸಿದ ಅಡಿಕೆಯ ಗೋಣಿಗಳು, ಒಂದರ ಮೇಲೊಂದು ನಾಲ್ಕು ಸಾಲು. ಗೋಣಿಯ ಅಡಿಗೆ ಹಲಗೆ, ಗಾಳಿ ಆಡುವುದಕ್ಕೆ.

"ಇದು ಅಡಿಕೆ ಇಡುವುದಕ್ಕೆ ಮಾತ್ರ ಮಾಡಿದ್ದು. ಇಲ್ಲಿ ಯಾರೂ ಮಲಗುವುದಿಲ್ಲ" ಎಂದರು ಯಜಮಾನರು.

"ಗೋಡೆಯೊಳಗೆ ಇದ್ದದ್ದೆಲ್ಲ ಮನೆಯೇ ಅಲ್ವಾ" ಎಂದು ಬಂದವರು ಟೇಪು ಬಿಚ್ಚಿದರು.

ಒಟ್ಟು ಲೆಕ್ಕ 290 ಚದರ ಮೀಟರ್ ಹತ್ತಿರ ಹೋಯಿತು. ಗೆರೆ ದಾಟಿತು.

ಬಂದವರ ಮೇಲೆ ನನ್ನ ದೂರು ಇಲ್ಲ. ಅವರು ಇದ್ದದ್ದನ್ನು ಇದ್ದ ಹಾಗೆ ಅಳೆದರು. ನನಗೆ ಸರಿ ಕಾಣದ್ದು ಗೆರೆ. ಅದೇ ಅಡಿಕೆಯನ್ನು ಅಂಗಳದಾಚೆ ಒಂದು ಶೆಡ್ಡು ಕಟ್ಟಿ ಇಟ್ಟಿದ್ದರೆ ಲೆಕ್ಕಕ್ಕಿಲ್ಲ. ಮನೆಯ ಮೇಲೆ ಇಟ್ಟರೆ ಐಷಾರಾಮ. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಅಡಿಕೆ ಯಾಕೆ ಮನೆಯೊಳಗೆ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಜೂನ್ ಹಿಡಿದರೆ ಹೊರಗಿನ ಶೆಡ್ಡಿನಲ್ಲಿ ಚಾಲಿ ಬೂಸ್ಟು ಹಿಡಿಯುತ್ತದೆ. ರೇಟು ಬರುವವರೆಗೆ ಕಾಯಬೇಕಾದವನು ಅದನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಳ್ಳುತ್ತಾನೆ. ಎರ್ನಾಕುಳಂನಲ್ಲಿ ಕಾಯಲಿನ, ಅಂದರೆ ಹಿನ್ನೀರಿನ ಎದುರು 290 ಚದರ ಮೀಟರ್ ಮನೆ ಕಟ್ಟಿದವರಿಗೂ, ಇಲ್ಲಿ ಗುಡ್ಡದ ಬದಿಯಲ್ಲಿ ಅಡಿಕೆಗೆ ಕೋಣೆ ಮಾಡಿದವರಿಗೂ ಈ ತೆರಿಗೆ ಒಂದೇ. ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆಯಲ್ಲಿ ಪಂಚಾಯತು, ಪೇಟೆ ಅಂತ ವ್ಯತ್ಯಾಸ ಇದೆ. ವರ್ಷ ವರ್ಷದ ಇದರಲ್ಲಿ ಇಲ್ಲ.

ತಮಾಷೆ ಏನೆಂದರೆ ಕೇರಳಕ್ಕೆ ಈ ಪಾಠ ಹೊಸದಲ್ಲ. 1961ರಲ್ಲಿ ಈ ರಾಜ್ಯ ಒಂದು ಕಟ್ಟಡ ತೆರಿಗೆ ಕಾಯ್ದೆ ಮಾಡಿತ್ತು. ನೆಲದ ವಿಸ್ತೀರ್ಣ ನೋಡು, ತೆರಿಗೆ ಹಾಕು, ಅಷ್ಟೇ. ಕಟ್ಟಡ ಯಾವ ತರದ್ದು, ಎಲ್ಲಿದೆ, ಏನಕ್ಕೆ ಬಳಸುತ್ತಾರೆ ಎಂದು ಕೇಳುವುದೇ ಇಲ್ಲ. ಕುಟ್ಟಿ ನಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬೇರೆ ಬೇರೆ ಇರುವುದನ್ನೆಲ್ಲ ಒಂದೇ ಕೋಲಿನಿಂದ ಅಳೆದರೂ ಸಮಾನತೆಯ ಹಕ್ಕಿಗೆ ಪೆಟ್ಟು ಬೀಳುತ್ತದೆ ಎನ್ನುವುದು ಅದರ ಸಾರ. 1975ರ ಕಾಯ್ದೆ ಬಂದದ್ದು ಆ ಪೆಟ್ಟಿನ ನಂತರ. ಮೊದಲು ಬೆಲೆಯ ಲೆಕ್ಕ ಇತ್ತು, 1992ರಿಂದ ಮತ್ತೆ ವಿಸ್ತೀರ್ಣದ ಲೆಕ್ಕ, ಈ ಸಲ ವಾಸದ್ದು, ಬೇರೆಯದ್ದು, ಹಳ್ಳಿ, ಪೇಟೆ ಎಂದು ವಿಂಗಡಿಸಿ. ವಿಂಗಡಿಸಬೇಕು ಎನ್ನುವುದು ಒಪ್ಪಿಗೆ ಆಗಿದೆ ಅಂತ ಅರ್ಥ. ಎಲ್ಲಿಯವರೆಗೆ ಎನ್ನುವುದೇ ಜಗಳ.

ಜಾಗದ ತೀರ್ವೆಯ ಕಥೆ ಇನ್ನೂ ಸ್ವಾರಸ್ಯ. ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆ ಎಕರೆಗೆ 2 ರೂಪಾಯಿ ಎಂದು ಎಲ್ಲ ಭೂಮಿಗೂ ಒಂದೇ ದರ ಹಾಕಿತ್ತು. ಅದನ್ನು ಮಲಬಾರಿಗೂ ವಿಸ್ತರಿಸಿದಾಗ ಮೂಪಿಲ್ ನಾಯರ್ ಎಂಬ ಕಾಡಿನ ಒಡೆಯರು ಕೋರ್ಟಿಗೆ ಹೋದರು. ಕಾಡಿನಿಂದ ಬರುವ ಆದಾಯಕ್ಕಿಂತ ತೆರಿಗೆಯೇ ಎಷ್ಟೋ ಪಾಲು ಜಾಸ್ತಿ ಎಂಬುದು ಅವರ ವಾದ. 1960ರ ಕೊನೆಗೆ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ರದ್ದು ಮಾಡಿತು. ಕೇರಳ ಏನು ಮಾಡಿತು? 1961ರಲ್ಲಿ ಹೊಸ ಭೂ ತೆರಿಗೆ ಕಾಯ್ದೆ ತಂದಿತು. 1964ರ ಸಂವಿಧಾನ ತಿದ್ದುಪಡಿಯಲ್ಲಿ ಅದನ್ನು ಒಂಬತ್ತನೇ ಪರಿಚ್ಛೇದಕ್ಕೆ ಸೇರಿಸಿ, ಕೋರ್ಟು ಸುಲಭವಾಗಿ ಮುಟ್ಟದ ಹಾಗೆ ಭದ್ರ ಮಾಡಲಾಯಿತು.

ಇವತ್ತಿಗೂ ಪಂಚಾಯತು ಪ್ರದೇಶದಲ್ಲಿ ತೀರ್ವೆ ಭೂಮಿಯ ಗುಣ ನೋಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಒಂದೂವರೆ ಪಾಲಿಗೆ ಏರಿಸಿದ ಮೇಲೆ 8.1 ಆರ್, ಅಂದರೆ 20 ಸೆಂಟ್ಸ್‌ವರೆಗೆ ಆರಿಗೆ 7.50 ರೂಪಾಯಿ, ಅದರ ಮೇಲೆ 12 ರೂಪಾಯಿ. ಎಕರೆಗೆ ಲೆಕ್ಕ ಹಾಕಿದರೂ ಐನೂರರೊಳಗೆ. ಹೊಳೆ ಬದಿಯ ಅಡಿಕೆ ತೋಟಕ್ಕೂ ಅಷ್ಟೇ, ಮುಳಿಹುಲ್ಲು ಬಿಟ್ಟರೆ ಬೇರೇನೂ ಬಾರದ ಗುಡ್ಡದ ಮೇಲಿನ ಪದವು ಭೂಮಿಗೂ ಅಷ್ಟೇ. ಮದ್ರಾಸ್ ಸರಕಾರದ ಕಾಲದಲ್ಲಿ ಇದೇ ಭೂಮಿಯನ್ನು ನಂಜ (ಗದ್ದೆ), ಪುಂಜ (ಒಣಭೂಮಿ), ಬಾಗಾಯ್ತು (ತೋಟ) ಎಂದು ಬೇರೆ ಮಾಡಿ, ಒಂದೊಂದರೊಳಗೂ ತರಂ, ಅಂದರೆ ದರ್ಜೆ ಹಾಕಿ, ತೀರ್ವೆ ಕಟ್ಟಿದ್ದರು. ನಮ್ಮ ರೈತರು ಅದಕ್ಕೂ ಮೊದಲಿನಿಂದ ಗದ್ದೆಯನ್ನೇ ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದವರು. ಆದರೂ ಈ ಒಂದೇ ದರದ ಬಗ್ಗೆ ನನಗೆ ದೊಡ್ಡ ಆಕ್ಷೇಪ ಇಲ್ಲ. ಮೊತ್ತ ಸಣ್ಣದು. ಇಷ್ಟಕ್ಕೆ ಮಣ್ಣು ಪರೀಕ್ಷೆ ಮಾಡಿಸುತ್ತಾ ಕೂತರೆ ಸರ್ವೆಯವರ ಭತ್ಯೆಗೇ ತೀರ್ವೆ ಸಾಲದು.

ಪಂಚಾಯತಿನ ಮನೆ ತೆರಿಗೆಯಲ್ಲಿ ಕೇರಳ ಇನ್ನೂ ಜಾಣತನ ತೋರಿಸಿದೆ ಅಂತ ನನ್ನ ಅಭಿಪ್ರಾಯ. ಹಿಂದೆ "ಈ ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬಂದೀತು" ಎಂಬ ಅಂದಾಜಿನ ಮೇಲೆ ತೆರಿಗೆ ಇತ್ತು. ಹಳ್ಳಿಯಲ್ಲಿ ಕುಟುಂಬದ ಹಳೆಯ ತರವಾಡು ಮನೆಯನ್ನು ಬಾಡಿಗೆಗೆ ಕೇಳುವವರು ಯಾರು! 2011ರ ನಿಯಮಗಳು ಬಂದ ಮೇಲೆ ಚದರ ಮೀಟರಿಗೆ ದರ. ಅದರ ಮೇಲೆ ಮನೆ ಯಾವ ವಲಯದಲ್ಲಿದೆ, ಅಗಲದ ರಸ್ತೆ ಇದೆಯಾ, ಕಾಲುದಾರಿ ಮಾತ್ರವಾ, ಮಾಡು ಹಂಚಿನದ್ದಾ, ಕಾಂಕ್ರೀಟಾ, ಮನೆಗೆ ವಯಸ್ಸೆಷ್ಟು ಎಂದು ನೋಡಿ ಕೂಡಿಸುವುದು, ಕಳೆಯುವುದು. ದಾರಿ ಇಲ್ಲದ ಮನೆಗೆ ತೆರಿಗೆ ಕಡಿಮೆ ಎನ್ನುವುದನ್ನು ಯಾರಿಗಾದರೂ ಬಿಡಿಸಿ ಹೇಳಬೇಕಾ? 2023ರ ಏಪ್ರಿಲ್‌ನಿಂದ ವರ್ಷಕ್ಕೆ ನೂರಕ್ಕೆ 5ರಂತೆ ಏರುತ್ತಿದೆ, ಅದು ಬೇಸರದ ಸಂಗತಿ. ಅದೇ ಸಲ ಸ್ವಂತ ವಾಸದ 60 ಚದರ ಮೀಟರ್‌ವರೆಗಿನ ಮನೆಗೆ ಪೂರ್ತಿ ವಿನಾಯಿತಿಯೂ ಬಂತು. ಅಂಥ ಮನೆಗಳು ನಮ್ಮ ವಾರ್ಡಿನಲ್ಲೇ ಬೇಕಾದಷ್ಟಿವೆ.

ಕರ್ನಾಟಕದ ಪೇಟೆಗಳಲ್ಲಿ ಲೆಕ್ಕದ ತಳ ಗೈಡೆನ್ಸ್ ವ್ಯಾಲ್ಯೂ. ರಿಜಿಸ್ಟ್ರೇಷನ್‌ಗೆ ಸರಕಾರ ಹೇಳುವ ಬೆಲೆ. 2023ರ ಅಕ್ಟೋಬರ್ 1ರಿಂದ ಅದನ್ನು ರಾಜ್ಯದಾದ್ಯಂತ ಪರಿಷ್ಕರಿಸಿದರು. ಭಾವನ ಮನೆಗೆ ಹೊಸ ಕೋಣೆ ಬಂದಿಲ್ಲ, ಬಣ್ಣ ಸಹ ಹಳೆಯದೇ. ಪಕ್ಕದ ರಸ್ತೆಯಲ್ಲಿ ಒಂದು ಕಾಂಪ್ಲೆಕ್ಸ್ ಎದ್ದಿತು. ಅದರ ಬಿಸಿ ಇವರ ಅಂಗಳಕ್ಕೂ ಬರುತ್ತದೆ. ಅವರು ಮನೆ ಮಾರುವವರಲ್ಲ. ಮಾರದ ಮನೆಯ ಬೆಲೆ ಏರಿದರೆ ಮನೆಯವನ ಕೈಗೆ ಸಿಗುವುದು ರಶೀದಿ ಮಾತ್ರ. ಕೇರಳದಲ್ಲೂ 2010ರಿಂದ ಫೇರ್ ವ್ಯಾಲ್ಯೂ ಇದೆ, ಆಧಾರ, ಅಂದರೆ ಜಾಗದ ಕ್ರಯಪತ್ರ, ಮಾಡಿಸುವಾಗ ಚುಚ್ಚುತ್ತದೆ. ಆದರೆ ಅದನ್ನು ಪಂಚಾಯತಿನ ಮನೆ ತೆರಿಗೆಯೊಳಗೆ ಬಿಟ್ಟುಕೊಂಡಿಲ್ಲ. ಒಳ್ಳೆಯದೇ ಆಯಿತು.

ಇದಕ್ಕೆ ಭಾವನ ಉತ್ತರ ತಯಾರಾಗಿಯೇ ಇರುತ್ತದೆ. "ನಿಮ್ಮಲ್ಲಿ ಅವರು ಬಂದು ಅಳೆದು ಹೇಳಬೇಕು. ನಮ್ಮಲ್ಲಿ ನಾನೇ ಬರೆದುಕೊಡುತ್ತೇನೆ ಮಾರಾಯ, ನನ್ನ ಮನೆಯನ್ನು." ಅದು ಸತ್ಯ. ಸ್ವಯಂ ಘೋಷಣೆ ಬೆಂಗಳೂರಿನಲ್ಲಿ 2000ದಲ್ಲೇ ಶುರುವಾಗಿ ಆಮೇಲೆ ಉಳಿದ ಪೇಟೆಗಳಿಗೂ ಬಂತು. ನಮೂನೆಯಲ್ಲಿ ಒಂದೊಂದು ಸಾಲೂ ಕಾಣುತ್ತದೆ. ಜಾಗ ಇಷ್ಟು, ಕಟ್ಟಡ ಇಷ್ಟು, ಸವಕಳಿ ಇಷ್ಟು, ಉಳಿದದ್ದರ ಮೇಲೆ ತೆರಿಗೆ ಇಷ್ಟು. ಭಾವನಿಗೆ ತನ್ನ ತೆರಿಗೆ ಹೇಗೆ ಬಂತು ಎಂದು ಬಾಯಿಪಾಠ ಇದೆ. ನನ್ನದು ಹೇಗೆ ಬಂತು ಎಂದು ಕೇಳಿದರೆ ನಾನು ರಶೀದಿಯ ಕೊನೆಯ ಅಂಕಿ ತೋರಿಸಬೇಕು.

ಹಾಗಂತ ಸ್ವಯಂ ಘೋಷಣೆಯಲ್ಲಿ ಉರುಳು ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ರಸ್ತೆಗಳನ್ನು ಎ ಯಿಂದ ಎಫ್‌ವರೆಗೆ ಆರು ವಲಯ ಮಾಡಿದರು. 2016ರಲ್ಲಿ ಕೆಲವು ರಸ್ತೆಗಳ ವಲಯ ಬದಲಾಯಿತು. ಜನ ಹಳೆಯ ವಲಯದಲ್ಲೇ ಕಟ್ಟುತ್ತಾ ಹೋದರು, ಪಾಲಿಕೆ ತೆಗೆದುಕೊಳ್ಳುತ್ತಾ ಹೋಯಿತು. ವರ್ಷಗಳ ನಂತರ ಸುಮಾರು 78 ಸಾವಿರ ಮಂದಿಗೆ ನೋಟಿಸು ಹೋಯಿತು, ವ್ಯತ್ಯಾಸ ಕಟ್ಟಿ, ದಂಡ ಕಟ್ಟಿ ಅಂತ. ವಲಯ ಯಾವುದೆಂದು ಗೊತ್ತಿದ್ದದ್ದು ಪಾಲಿಕೆಗೆ. ತಪ್ಪು ಬರೆದಿರಿ ಎಂದು ಹೇಳಿಸಿಕೊಂಡದ್ದು ಮನೆಯವರು. ಗಲಾಟೆ ಎದ್ದ ಮೇಲೆ ದಂಡದಲ್ಲಿ ಮಾಫಿ ಸಿಕ್ಕಿತು.

ಇನ್ನು ಕಾಗದದ ವಿಷಯ. ಇಲ್ಲಿ ನಾನು ಕರ್ನಾಟಕದವರಿಗೆ ನಿಜವಾಗಿ ಮರುಗುತ್ತೇನೆ. ಕಲ್ಲುಪಾರೆಯ ಮೇಲೆ ಮನೆ ಕಟ್ಟಬೇಕಾದರೂ ಅಲ್ಲಿ ಪಹಣಿಯಲ್ಲಿ ಕೃಷಿ ಭೂಮಿ ಎಂದಿದ್ದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಹಿಡಿದು ಕನ್ವರ್ಷನ್ ಮಾಡಿಸಬೇಕು. ಅದಾಗದೆ ಕಟ್ಟಿದರೆ ಹಳ್ಳಿಯಲ್ಲಿ ಸಕ್ರಮ ಖಾತೆಯ 9/11 ನಮೂನೆಯ ಬದಲು ಸಕ್ರಮವಲ್ಲದ್ದರ 11ಬಿ, ಬೆಂಗಳೂರಿನಲ್ಲಿ ಅದೇ ತರದ ಬಿ ಖಾತಾ. ತೆರಿಗೆ ಮಾತ್ರ ಬಿಡುವುದಿಲ್ಲ, ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ತೋಟದ ಜಾಗದಲ್ಲಿ ಮನೆ ಕಟ್ಟಲು ಕನ್ವರ್ಷನ್ ಬೇಡ. ಪ್ಲ್ಯಾನು ಪಾಸಾದರೆ ಆಯಿತು. ನಿಯಮ ಮೀರಿ ಕಟ್ಟಿದವರಿಗೆ ಪಂಚಾಯತು ಯುಎ, ಅಂದರೆ ಅನಧಿಕೃತ ಎಂಬ ಗುರುತಿನ ನಂಬರು ಕೊಡುತ್ತದೆ. ಬಿ ಖಾತಾದ ಮಲಯಾಳಿ ತಮ್ಮ ಅಂತ ಬೇಕಾದರೆ ಹೇಳಿ.

ಆದರೆ ಗದ್ದೆ ಎಂದು ಬರೆದಿದ್ದರೆ ಕೇರಳ ಕರ್ನಾಟಕಕ್ಕಿಂತ ಬಿಗಿ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ವಿಲೇಜ್ ಆಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ "ನಿಲಂ" (ಗದ್ದೆ) ಎಂದಿರುವ ಜಾಗದಲ್ಲಿ ಕಲ್ಲು ಇಡುವ ಹಾಗಿಲ್ಲ. ಅಜ್ಜನ ಕಾಲದಲ್ಲೇ ಬೈಲಿಗೆ ಅಡಿಕೆ ಇಟ್ಟಿದ್ದರೂ ರಿಜಿಸ್ಟರಿನಲ್ಲಿ ಅದು ಇನ್ನೂ ಗದ್ದೆಯೇ. ಗದ್ದೆಗಳ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲಿ ತಪ್ಪಿ ಸೇರಿದ್ದರೆ ತೆಗೆಸಲು ಫಾರ್ಮ್ 5, ತರಂ ಬದಲಿಸಲು ಫಾರ್ಮ್ 6, ಆರ್‌ಡಿಒ, ಕೃಷಿ ಅಧಿಕಾರಿಯ ವರದಿ. 25 ಸೆಂಟ್ಸ್‌ವರೆಗೆ ಫೀಸು ಇಲ್ಲ, ಅದರ ಮೇಲೆ ಒಂದು ಎಕರೆಯವರೆಗೆ ಫೇರ್ ವ್ಯಾಲ್ಯೂವಿನ ನೂರಕ್ಕೆ 10. ಗದ್ದೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಆದರೆ ತೀರ್ವೆಗೆ ಒಂದಿಷ್ಟೂ ಲೆಕ್ಕಕ್ಕೆ ಬಾರದ ಆ ಒಂದು ಪದ ಮಗಳ ಮದುವೆಗೆ ಸಾಲ ಸಿಗುತ್ತದಾ, ಮಗ ಮನೆ ಕಟ್ಟುತ್ತಾನಾ ಎಂದು ನಿರ್ಧರಿಸುತ್ತದೆ.

ಇಷ್ಟಕ್ಕೆಲ್ಲ ಕಾರಣವಾಗುವ ಪಟ್ಟಿ ಮನೆಯವನಿಗೆ ಓದಲು ಸಿಗಬೇಕು ಅಲ್ವಾ? ಕಾಸರಗೋಡಿನ ಕನ್ನಡಿಗರಿಗೆ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕನ್ನು 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ನಾನು ಅರ್ಜಿ ಬರೆಯುವುದು ಕನ್ನಡದಲ್ಲೇ. ಕೈಗೆ ಬಂದ ನೋಟಿಸುಗಳು ಮಾತ್ರ ಹೆಚ್ಚಾಗಿ ಮಲಯಾಳದಲ್ಲೇ. ನನಗೆ ಮಲಯಾಳ ಬರುತ್ತದೆ, ಸಮಸ್ಯೆ ಇಲ್ಲ. ನಮ್ಮ ದೊಡ್ಡಮ್ಮನಂಥವರಿಗೆ, ಕನ್ನಡ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿ ತೋಟ ನೋಡಿಕೊಂಡವರಿಗೆ, ಆ ಕಾಗದದಲ್ಲಿ ಅರ್ಥವಾಗುವುದು ಮೊತ್ತ ಒಂದೇ. ಕಟ್ಟಡ ತೆರಿಗೆಯ ಆದೇಶದ ಮೇಲೆ ಅಪೀಲು ಹೋಗಲು ಇರುವುದು 30 ದಿನ. ಓದಿ ಹೇಳುವ ಮೊಮ್ಮಗ ಬೆಂಗಳೂರಿನಿಂದ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ಬೆಲೆಯ ಲೆಕ್ಕವನ್ನು ಕೇರಳ ಯಾವ ಕಾರಣಕ್ಕೂ ತರಬಾರದು. ಕರ್ನಾಟಕದ ಆ ನಮೂನೆಯನ್ನು ಮಾತ್ರ ತರಬೇಕು. ಅಳತೆ, ವಲಯ, ದಾರಿ, ಮಾಡು, ವಯಸ್ಸು, ಒಂದೊಂದಕ್ಕೆ ಕೂಡಿಸಿದ್ದೆಷ್ಟು, ಕಳೆದದ್ದೆಷ್ಟು ಎಂಬ ಒಂದು ಹಾಳೆ ಸಾಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಅದರ ಹಿಂದಿನ ಪುಟ ಕನ್ನಡದಲ್ಲಿ. ಹೇಗೂ ಲೆಕ್ಕ ಮಾಡುವುದು ಸಾಫ್ಟ್‌ವೇರ್, ಅದಕ್ಕೆ ಇನ್ನೊಂದು ಪುಟ ಭಾರವಲ್ಲ.

ಇನ್ನೊಂದು ಕೆಲಸಕ್ಕೆ ತಿದ್ದುಪಡಿ ಬೇಕು, ಆದರೆ ಸಣ್ಣದು. ಹೊರಗಿನ ಕಟ್ಟಿಗೆ ಕೊಟ್ಟಿಗೆಯನ್ನು ವಿಸ್ತೀರ್ಣಕ್ಕೆ ಕೂಡಿಸಬಾರದು ಎನ್ನುವ ಸಾಲು ಕಾಯ್ದೆಯಲ್ಲಿ ಈಗಾಗಲೇ ಇದೆ. ಕೃಷಿಕನ ಮನೆಯೊಳಗೆ ಬೆಳೆ ದಾಸ್ತಾನಿಗೆಂದೇ ಇರುವ ಕೋಣೆಯನ್ನೂ, ಇಂತಿಷ್ಟು ಚದರ ಮೀಟರ್ ಎಂಬ ಮಿತಿ ಹಾಕಿಯೇ, ಅದೇ ಸಾಲಿಗೆ ಸೇರಿಸಿದರೆ ಆಯಿತು. ದುರುಪಯೋಗ ಆಗುತ್ತದೆ ಎನ್ನುತ್ತಾರೆ. ಆಗಬಹುದು. ಹೇಗೂ ಅಳೆಯಲು ಬಂದವರು ಮೆಟ್ಟಿಲು ಹತ್ತಿಯೇ ಹತ್ತುತ್ತಾರೆ, ಗೋಣಿ ಇದೆಯಾ ಮಂಚ ಇದೆಯಾ ಎಂದು ನೋಡಿ ಬರೆದುಕೊಳ್ಳಲಿ. ಈ ಸಲದ ಬಜೆಟ್ ಅಧಿವೇಶನದಲ್ಲಿ ನಮ್ಮ ಕಡೆಯ ಶಾಸಕರಲ್ಲಿ ಒಬ್ಬರಾದರೂ ಇದನ್ನು ಕೇಳಿದರೆ, ಅಡಿಕೆ ಬೆಳೆಯುವ ಬೇರೆ ಕ್ಷೇತ್ರದವರೂ ದನಿಗೂಡಿಸಿಯಾರು.